ಕುಂಕುಮದ ಬಣ್ಣದ ಕಾರು

ನನಗೆ ಒಂದು ಕಡೆ ಕೂರುವ ಜಾಯಮಾನವೇ ಇಲ್ಲ. ಮಂಡ್ಯದ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ‘ಆ ಟೈಲರಮ್ಮನಾ? ಕಾಲಿಗೆ ಚಕ್ರ ಕಟ್ಕಂಡವ್ಳೆ’ ಅನ್ನುತ್ತಾರೆ. ಹೊಲಿಯುತ್ತಾ ಇರುವವಳು ಎದ್ದು ಬಾಗಿಲಿಗೆ ಹೋಗಿ ಸುಮ್ಮನೆ ರಸ್ತೆ ನೋಡಿ ಬರುತ್ತೇನೆ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ಬರುತ್ತೇನೆ. ‘ಒಂದ್ಗಳಿಗೆ ಕುಂತ್ಕಳಮ್ಮ ತಾಯಿ, ನಿನ್ ನೋಡಿ ನನ್ಗೇ ತಲೆ ತಿರುಗ್ತದೆ’ ಎಂದು ಅತ್ತೆ ಕೈ ಮುಗಿಯುತ್ತಾರೆ. ಇಂಥ ನನ್ನನ್ನು ಕೂತ ಜಾಗದಿಂದ ಏಳದಂತೆ ಮಾಡಿದ್ದು ಒಂದೇ ಕೆಲಸ. ಹಳೆಯ ರೇಸ್ ಕಾರುಗಳ ಪುಟ್ಟ ಮಾದರಿ ಮಾಡುವುದು. ನಗಬೇಡಿ. ನಮ್ಮ ಮನೆಯವರು ನಕ್ಕು ಮುಗಿಸಿದ್ದಾರೆ.

ಶುರುವಾದದ್ದು ಮೊಬೈಲಿನಿಂದ. ಬ್ಲೌಸಿನ ಕತ್ತಿನ ಡಿಸೈನು ಹುಡುಕುತ್ತಾ ಎಲ್ಲಿಂದೆಲ್ಲಿಗೋ ಹೋಗಿಬಿಟ್ಟೆ. ಯಾವುದೋ ದೇಶದ ಮುದುಕನೊಬ್ಬ ಅಂಗೈಯಗಲದ ಕಾರು ಜೋಡಿಸುತ್ತಿದ್ದ. ಹಳೆ ಕಾಲದ ಸ್ಟಾಕ್ ಕಾರು. ಅಂದರೆ ರೇಸಿಗೆಂದೇ ಹುಟ್ಟಿದ ಕಾರಲ್ಲ. ಮನೆಮಂದಿ ಕೂತು ಬೀಗರೂಟಕ್ಕೆ ಹೋಗುವ ಕಾರನ್ನೇ ತಂದು, ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪೈಪು ಬೆಸೆದು, ಬಾಗಿಲಿಗೆ ನಂಬರು ಬರೆದು ಓಡಿಸುವುದು. ಅವನ ಹತ್ತಿರ ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ತುಂಡುಗಳಿದ್ದವು. ನನ್ನ ಹತ್ತಿರ ಏನಿತ್ತು? ಕತ್ತರಿ, ಬ್ಲೇಡು, ಟೇಪು, ಮತ್ತೆ ಮದುವೆ ಕಾಲದಲ್ಲಿ ಮನೆಗೆ ಬಂದು ಬೀಳುವ ದಪ್ಪ ದಪ್ಪ ಲಗ್ನಪತ್ರಿಕೆಗಳು. ಪತ್ರಿಕೆಯ ಕಾಗದವನ್ನು ಪದರ ಪದರ ಅಂಟಿಸಿ ಒಣಗಿಸಿದರೆ ಹಲಗೆಯಷ್ಟು ಗಟ್ಟಿ. ಬ್ಲೌಸಿಗೆ ಮಡಿಕೆ ಹೊಲಿದು ಟಕ್ಸ್ ಹಿಡಿಯುವ ಕೈಗೆ ಬಾನೆಟ್ಟಿನ ಉಬ್ಬು ತರುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಮುಂದಿನ ಜಾಲರಿಗೆ ಹಳೆ ಪ್ಯಾಂಟಿನ ಹಿತ್ತಾಳೆ ಜಿಪ್ಪು, ಚಕ್ರದ ನಡುವೆ ಒತ್ತಿ ಹಾಕುವ ಟಿಚ್ ಬಟನ್, ಟೈರಿಗೆ ಸವೆದ ಹವಾಯಿ ಚಪ್ಪಲಿಯ ರಬ್ಬರು. ಮೊದಲ ಕಾರಿನ ಬಾಗಿಲು ತೆಗೆದರೆ ಒಳಗೆ ಯಾರದೋ ಆರತಕ್ಷತೆಯ ಮುಹೂರ್ತ ಕಾಣುತ್ತಿತ್ತು.

ಮುದುಕನ ದೇಶದ ಕಾರುಗಳನ್ನೇ ಒಂದಷ್ಟು ಮಾಡಿದೆ. ಆಮೇಲೆ ತಟ್ಟನೆ ಹೊಳೆಯಿತು, ಅಲ್ಲ, ನಮ್ಮ ಮನೆಯಲ್ಲೇ ಒಂದು ಇತ್ತಲ್ಲ!

ನಮ್ಮಪ್ಪನದು ಮದ್ದೂರಿನಲ್ಲಿ ಗಾಡಿ ರಿಪೇರಿ ಮಾಡುವ ಶೆಡ್ಡು. ಅಪ್ಪ ಈಗಿಲ್ಲ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಕಿರುಗಾವಲಿನಲ್ಲಿ ಗದ್ದೆ ಮಾಡಿಕೊಂಡಿದ್ದವರು. ನಾನು ಹುಟ್ಟುವುದಕ್ಕೂ ಮುಂಚೆ ಈ ಅಣ್ಣತಮ್ಮಂದಿರು ಒಂದು ದುಂಡು ಮೂತಿಯ ಹಳೆ ಟ್ಯಾಕ್ಸಿ ಕಾರು ಕೊಂಡು, ಬಿಚ್ಚಿ, ರೇಸಿಗೆ ತಯಾರು ಮಾಡಿದ್ದರು. ಅಪ್ಪ ಕಟ್ಟುವುದು, ದೊಡ್ಡಪ್ಪ ಓಡಿಸುವುದು. ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ ಮದ್ದೂರಿನಿಂದ ನಿಡಘಟ್ಟದವರೆಗೆ ಅಬ್ಬರಿಸಿಕೊಂಡು ಹೋಗಿ ಬರುತ್ತಿದ್ದರಂತೆ. ಮದರಾಸಿನ ಕಡೆಯ ಯಾವುದೋ ಬಯಲಿಗೆ ಹೋಗಿ ರೇಸಿನಲ್ಲೂ ಓಡಿಸಿದರು. ಒಂದು ಸಲ ಕಾರು ಮಗುಚಿ ದೊಡ್ಡಪ್ಪನ ಭುಜದ ಮೂಳೆ ಮುರಿಯಿತು. ಕಾರು ಗುಜರಿಗೆ ಹೋಯಿತು. ಉಳಿದದ್ದು ಒಂದು ಕಪ್ಪುಬಿಳುಪು ಫೋಟೋ, ಅದರಲ್ಲೂ ಕಾರಿಗಿಂತ ಅಡ್ಡ ನಿಂತ ಜನವೇ ಜಾಸ್ತಿ.

ಯುಗಾದಿ ಕಳೆದ ಮೇಲೆ ದೊಡ್ಡಪ್ಪನನ್ನು ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದು ಎಷ್ಟು ದಿನವೋ ಹೇಳಲಾಗದು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಬನ್ನೂರು ದಾಟಿದ ಮೇಲೆ ಬಾಯಿ ಬಿಟ್ಟರು. ‘ಅದೇನೋ ಪೇಪರ್ ಕಾರು ಮಾಡ್ತೀಯಂತಲ್ಲ ಮಗ. ನಮ್ದನ್ನ ಒಂದ್ ಮಾಡು. ಕಣ್ಣು ವಸಿ ಕಾಣಂಗಿರುವಾಗ್ಲೇ ನೋಡ್ಬುಡ್ತೀನಿ.’

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಮೊದಲೇ ನಿಂತಲ್ಲಿ ನಿಲ್ಲದವಳು, ಇನ್ನು ಕೇಳಬೇಕೆ? ಹೊಲಿಗೆಗೆ ಬಂದ ಬಟ್ಟೆಗಳು ಕಟ್ಟಿದ ಗಂಟಿನಲ್ಲೇ ಬಿದ್ದಿರುತ್ತಿದ್ದವು. ಗಿರಾಕಿಗಳು ಬೈಯುತ್ತಿದ್ದರು, ನಾನೂ ತಿರುಗಿಸಿ ಬೈಯುತ್ತಿದ್ದೆ. ಮದ್ದೂರಿನಲ್ಲಿ ಒಬ್ಬರ ಕೊಟ್ಟಿಗೆಯಲ್ಲಿ ಅದೇ ಜಾತಿಯ ಕಾರು ಹುಲ್ಲಿನ ಕೆಳಗೆ ಕೊಳೆಯುತ್ತಿದೆ ಎಂದು ಗೊತ್ತಾಗಿ, ಟೇಪು ಹಿಡಿದು ಹೋಗಿ ಅದರ ಎದೆ, ಸೊಂಟ, ಉದ್ದ ಎಲ್ಲ ಅಳೆದುಕೊಂಡು ಬಂದೆ. ಎರಡಡಿಗೆ ಒಂದಿಂಚು, ಇದು ನನ್ನ ಲೆಕ್ಕ. ಆ ಮನೆಯಾಕೆ, ‘ಏನಮ್ಮ, ಕಾರಿಗೂ ರವಿಕೆ ಹೊಲೀತೀಯಾ?’ ಎಂದು ಕೇಳಿದಳು.

ಒಂದೊಂದು ಭಾಗ ಮುಗಿದಂತೆಲ್ಲ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಹತ್ತಿ ಹಾಸಿ, ಕಾರನ್ನಿಟ್ಟುಕೊಂಡು ಕಿರುಗಾವಲಿಗೆ ಹೋಗುತ್ತಿದ್ದೆ. ಮಂಡ್ಯದಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಕಿರುಗಾವಲಿಗೆ ಇನ್ನೊಂದು. ದೊಡ್ಡಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ, ಕಣ್ಣಿನ ಮೂಲೆಯಿಂದ ನೋಡುತ್ತಿದ್ದರು. ಹೊಗಳುವುದು ಅವರ ಜಾತಕದಲ್ಲೇ ಇಲ್ಲ. ‘ಮೂತಿ ಇನ್ನೊಸಿ ಮುಂದ್ಕೆ ಬರ್ಬೇಕು ಕಣವ್ವ. ಇದು ಕಾರೋ, ಬೆಕ್ಕೋ?’ ಅನ್ನುವರು. ನನಗೆ ರೇಗುತ್ತಿತ್ತು. ಬಸ್ಸಿನಲ್ಲಿ ಅವರನ್ನೇ ಬೈದುಕೊಳ್ಳುತ್ತಾ ಮನೆಗೆ ಬಂದು, ಮೂತಿ ಕಿತ್ತು ಹೊಸದು ಅಂಟಿಸುತ್ತಿದ್ದೆ. ಗೌರಿಹಬ್ಬ ಕಳೆದ ಮೇಲಂತೂ ಅವರ ತಕರಾರು ಇನ್ನೂ ಹೆಚ್ಚಿತು. ಕಾರನ್ನು ಹೆಬ್ಬೆರಳಲ್ಲಿ ಸವರಿ ಸವರಿ ಮಡ್‌ಗಾರ್ಡಿನ ಅಂಚು ದಪ್ಪ ಎಂದರು, ಚಾವಣಿ ಎತ್ತರವಾಯಿತು ಎಂದರು.

‘ಬಣ್ಣ ಯಾವುದು ದೊಡ್ಡಪ್ಪ?’ ಎಂದು ಕೇಳಿದ್ದೆ.

‘ಕೆಂಪು.’

‘ಎಂಥಾ ಕೆಂಪು? ಬೇಕಾದಷ್ಟು ಕೆಂಪಿದೆ.’

‘ಕುಂಕುಮದ್ ಕೆಂಪು.’

ಅಡುಗೆಮನೆಯಿಂದ ದೊಡ್ಡಮ್ಮನ ಗಂಟಲು ಕೇಳಿಸಿತು. ಈ ಕಾರಿನ ಮಾತೆತ್ತಿದರೆ ಸಾಕು, ದೊಡ್ಡಮ್ಮ ಕೆಂಡ. ‘ಯೋಳಿ, ಯೋಳಿ, ನಿಮ್ ಗಂಡಸ್ತನವ! ನನ್ ಕುಂಕುಮದ ಭರಣಿನೇ ಎತ್ಕಂಡೋಗಿ ಪೇಂಟಂಗ್ಡಿಯವ್ನಿಗೆ ತೋರ್ಸಿ, ಇದೇ ಬಣ್ಣ ಕಲ್ಸು ಅಂದ್ರಲ್ಲ! ಮದ್ವೆಯಾಗಿ ಇನ್ನೂ ಅರಿಶ್ಣ ಆರಿರ್ನಿಲ್ಲ ಕಣಮ್ಮ ನಂಗೆ. ಹಣೆಗಿಡೋ ಬಣ್ಣವ ಆ ಸಾಯೋ ಗಾಡಿಗೆ ಬಳ್ದವ್ರೆ. ದರಿದ್ರದ ಕಾರು. ನಾನು ಒಂದಿನಾನೂ ಅದ್ನ ಕಣ್ಣೆತ್ತಿ ನೋಡ್ನಿಲ್ಲ.’

ದೊಡ್ಡಪ್ಪ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು, ‘ನಿಜ ಕಣ್ಮಗ. ಬಾಗ್ಲಲ್ಲಿ ತಂದು ನಿಲ್ಸಿದ್ರೂ ಹಿತ್ಲಿಂದ ಆಚೆ ಬರ್ನಿಲ್ಲ ಇವ್ಳು.’ ಇಷ್ಟು ವರ್ಷವಾದರೂ ಆ ನೋವು ಅವರಿಗೆ ಹೋಗಿರಲಿಲ್ಲ.

ಎಣ್ಣೆಬಣ್ಣ ಬಳಿದರೆ ಇಷ್ಟು ಚಿಕ್ಕ ಕಾರಿನ ಬಾಗಿಲ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಅದಕ್ಕೆ ನಾನು ಮೈಗೆ ಬಿಳಿ ಕಾಗದ ಅಂಟಿಸಿ, ಮಕ್ಕಳ ಚಿತ್ರಕಲೆಯ ನೀರು ಬಣ್ಣ ಬಳಿದು, ಮೇಲೆ ತೆಳ್ಳಗೆ ವಾರ್ನಿಷ್ ಎಳೆಯುವುದು. ಕೆಂಪಿಗೆ ಚೂರು ಕಂದು, ಚೂರು ಕೇಸರಿ ಸೇರಿಸಿ, ಅಳಿಸಿ, ಮತ್ತೆ ಕಲಸಿ, ಹುಚ್ಚು ಹಿಡಿದವಳಂತೆ ಹಣೆಯ ಕುಂಕುಮಕ್ಕೆ ಹೋಲಿಸಿ ನೋಡಿ, ಅಂತೂ ಆಯುಧಪೂಜೆಯ ಹಿಂದಿನ ಸಂಜೆಗೆ ಬಣ್ಣ ಸರಿಹೋಯಿತು. ತಂದಿದ್ದ ಕೆಂಪೆಲ್ಲ ಮುಗಿದಿತ್ತು. ಬಾಗಿಲಿಗೆ ಬಿಳಿ ವೃತ್ತ, ಅದರೊಳಗೆ ಕಪ್ಪಿನಲ್ಲಿ ನಂಬರು ಏಳು. ವಾರ್ನಿಷ್ ಒಂದು ಬಾಕಿ. ದೊಡ್ಡಪ್ಪನಿಗೆ ಫೋನು ಮಾಡಿದೆ.

‘ಪೂಜೆ ಮಾಡ್ಸಿ ತಗಂಬಾ ಮಗ. ಪೂಜೆ ಆಗ್ದೆ ಗಾಡಿ ರೋಡಿಗಿಳೀಬಾರ್ದು. ನಾಡಿದ್ದು ಬತ್ತೀಯಲ್ಲ? ತಪ್ಪುಸ್ಬ್ಯಾಡ’ ಎಂದರು. ಅವರು ಯಾವತ್ತೂ ಯಾರನ್ನೂ ಹೀಗೆ ಗೋಗರೆದವರಲ್ಲ. ಇನ್ನೆಷ್ಟು ಉಳಿದಿದೆಯೋ ಅವರಿಗೆ ಬೆಳಕು!

ಹಬ್ಬದ ಬೆಳಗ್ಗೆ ಅತ್ತೆಗೆ, ‘ಮಿಷನ್ ಜೊತೆ ಆ ಕಾರಿಗೂ ಪೂಜೆ ಮಾಡಿಬಿಡಿ, ದೊಡ್ಡಪ್ಪ ಹೇಳವ್ರೆ’ ಎಂದು ಹೇಳಿ ಬಾಳೆಕಂದು, ಬೂದುಗುಂಬಳ ತರಲು ಪೇಟೆಗೆ ಹೋದೆ. ನನ್ನ ತಲೆಯಲ್ಲಿದ್ದದ್ದು ಒಂದು ಚುಕ್ಕೆ ಕುಂಕುಮ, ಒಂದು ಎಸಳು ಸೇವಂತಿಗೆ. ಆದರೆ ನಮ್ಮ ಕಡೆ ಆಯುಧಪೂಜೆ ಎಂದರೆ ಏನು? ಚಕ್ರ ಇರುವುದನ್ನೆಲ್ಲ ಮೊದಲು ತೊಳೆಯಬೇಕು. ತೊಳೆಯದ ಗಾಡಿಗೆ ಯಾರಾದರೂ ಹೂ ಹಾಕುತ್ತಾರೆಯೇ? ನಾನು ಬರುವಷ್ಟರಲ್ಲಿ ನಮ್ಮ ಮನೆಯವರ ಸ್ಕೂಟರು ಅಂಗಳದಲ್ಲಿ ನೀರು ಸುರಿಸುತ್ತಾ ನಿಂತಿತ್ತು, ಅದರ ಪಕ್ಕ ಸೈಕಲ್ಲು, ಸೈಕಲ್ಲಿನ ಪಕ್ಕ ಮಣೆಯ ಮೇಲೆ ನನ್ನ ಕಾರು.

ಬೆಳ್ಳಗಿತ್ತು. ಅತ್ತೆ ತಂಬಿಗೆಯಲ್ಲಿ ನೀರು ಹುಯ್ದು, ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ, ವಿಭೂತಿ ಎಳೆದು, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟಿದ್ದರು. ಆ ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದು. ಕಾರಿನ ಕೆಂಪೆಲ್ಲ ಅಂಗಳದ ಮೋರಿಯಲ್ಲಿ ಹರಿದು ಹೋಗುತ್ತಿತ್ತು.

‘ಬಣ್ಣ ಬಿಡ್ತಾ ಅದೆ ಕಣಮ್ಮ ಇದು,’ ಎಂದರು ಅತ್ತೆ, ನಾನು ಬಟ್ಟೆಯಂಗಡಿಯಲ್ಲಿ ಮೋಸ ಹೋಗಿ ಬಂದವಳೇನೋ ಎನ್ನುವಂತೆ.

ನನ್ನ ಪಿತ್ತ ನೆತ್ತಿಗೇರಿತು. ಏನೇನು ಅಂದೆನೋ ದೇವರಿಗೇ ಗೊತ್ತು. ಬೂದುಗುಂಬಳವನ್ನು ಪೂಜೆಗೆ ಮುಂಚೆಯೇ ನೆಲಕ್ಕೆ ಕುಕ್ಕಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, ‘ನೀನೇ ಪೂಜೆ ಮಾಡು ಅಂದ್ಯಲ್ಲವ್ವಾ’ ಎಂದು ಅತ್ತರು. ನಾನೂ ಕೂತು ಅತ್ತುಬಿಟ್ಟೆ. ಪದರಗಳಿಗೆಲ್ಲ ಅಂಟು ಕುಡಿಸಿ ಕಲ್ಲು ಮಾಡಿದ್ದರಿಂದ ಮೈ ಮಾತ್ರ ಕೆಟ್ಟಿರಲಿಲ್ಲ. ಆಕಾರ ಆಕಾರದಂತೆಯೇ ಇತ್ತು, ಬಣ್ಣವೊಂದಿಲ್ಲ. ಊರೆಲ್ಲ ಹಬ್ಬ, ಅಂಗಡಿಗಳೆಲ್ಲ ಹೂ ಹಾಕಿಕೊಂಡು ಬಾಗಿಲೆಳೆದಿದ್ದವು. ಒಂದೆರಡು ದಿನ ತಡೆದು ಹೋಗೋಣವೆಂದರೆ, ದೊಡ್ಡಪ್ಪನ ‘ತಪ್ಪುಸ್ಬ್ಯಾಡ’ ಕಿವಿಯಲ್ಲಿ ಕೂತಿದೆ. ಬಣ್ಣವಿಲ್ಲದಿದ್ದರೆ ಹೋಗಲಿ, ಆಕಾರವಾದರೂ ನೋಡಲಿ ಎಂದು ಮಾರನೆ ದಿನ ಬಿಳಿ ಕಾರನ್ನೇ ಡಬ್ಬಿಗೆ ಹಾಕಿಕೊಂಡು ಹೊರಟೆ.

ಭಾರತೀನಗರದಲ್ಲಿ ಬಸ್ಸು ನಿಂತುಬಿಟ್ಟಿತು. ಹಬ್ಬದ ಮಾರನೆ ದಿನವೂ ಕಾರ್ಖಾನೆಗೆ ಕಬ್ಬಿನ ಗಾಡಿಗಳ ಸಾಲು. ಟ್ರ್ಯಾಕ್ಟರುಗಳಿಗೆ ಬಾಳೆಕಂದು ಕಟ್ಟಿಕೊಂಡು ಮದುವೆಗೆ ಹೊರಟಂತೆ ನಿಂತಿದ್ದರು. ನಾನು ಕೂತೆ, ಎದ್ದೆ, ಇಳಿದೆ, ಹತ್ತಿದೆ. ‘ಒಂದ್ ಕಡೆ ನಿಂತ್ಕಳಮ್ಮ’ ಎಂದ ಕಂಡಕ್ಟರು. ನಿನ್ನ ಬಸ್ಸು ನಿಂತಿದೆಯಲ್ಲ ಸಾಲದೇ ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ: ದೊಡ್ಡಪ್ಪ, ಹಿಂಗಿಂಗಾಯ್ತು, ಅತ್ತೆ ತೊಳೆದುಬಿಟ್ಟರು, ಬಣ್ಣ ಇಲ್ಲ, ಬೈಯಬೇಡಿ.

ಕಿರುಗಾವಲು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ದೊಡ್ಡಪ್ಪನ ಮಗ, ಸೊಸೆ ಗದ್ದೆ ಕಡೆ ಹೋಗಿದ್ದರು. ದೊಡ್ಡಪ್ಪ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಪಡಸಾಲೆಯಲ್ಲಿ ಕಾಯುತ್ತಾ ಕೂತಿದ್ದರು. ನಾನು ಬಾಯಿಪಾಠ ಒಪ್ಪಿಸುವುದಕ್ಕೂ ಬಿಡದೆ ಎರಡೂ ಕೈ ಚಾಚಿದರು. ‘ತಗಂಬಂದ್ಯಾ? ಕೊಡು, ಕೊಡು.’ ಕೊಟ್ಟೆ.

ಕಿಟಕಿಯ ಕಡೆಗೆ ತಿರುಗಿ ಎತ್ತಿ ಹಿಡಿದರು. ಹೆಬ್ಬೆರಳು ಬಾನೆಟ್ಟಿನ ಮೇಲೆ ಹೋಯಿತು, ಚಾವಣಿಯ ಮೇಲೆ ಹೋಯಿತು, ಹಿಂದಿನ ಡಿಕ್ಕಿಯ ಇಳಿಜಾರಿನಲ್ಲಿ ನಿಂತಿತು. ಮುಖ ಅರಳಿತು.

‘ಆಹಾ! ಅದೇ ಕೆಂಪು. ಅದೇ ಕಣ್ಮಗ! ಏನ್ ಮಿರ್‍ರನೆ ಮಿಂಚ್ತದೆ ನೋಡು!’

ಬಿಸಿಲು ನೇರವಾಗಿ ಅದರ ಮೇಲೇ ಬೀಳುತ್ತಿತ್ತು. ಸುಣ್ಣದಷ್ಟು ಬೆಳ್ಳಗಿತ್ತು ಕಾರು. ನನ್ನ ಹಾಳು ಬಾಯಿಗೆ ತಡೆಯೆಂಬುದೇ ಇಲ್ಲ. ‘ಯಾವ ಕೆಂಪು ದೊಡ್ಡ—’ ಎಂದುಬಿಟ್ಟೆ.

‘ಊ ಕಣಿ!’ ಎಂದು ಅಡುಗೆಮನೆಯ ಬಾಗಿಲಿಂದ ದೊಡ್ಡಮ್ಮ ಜೋರಾಗಿ ಅಡ್ಡ ಬಂದರು. ‘ಕೆಂಪು ಅಂದ್ರೆ ಕೆಂಪು. ನಾನು ಹಣೆಗಿಡ್ತೀನಲ್ಲ, ಅದೇ ಬಣ್ಣ ಬಂದದೆ.’ ಹೇಳುತ್ತಾ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಬೇಡ ಎಂದು.

ದೊಡ್ಡಪ್ಪ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು. ‘ನೋಡ್ದಾ ನೀನು?’

‘ನೋಡ್ತಾ ಇವ್ನಿ.’

‘ಎಂಗದೆ?’

‘ಚೆಂದಾಗದೆ ಬುಡಿ,’ ಎಂದರು ದೊಡ್ಡಮ್ಮ. ಅಷ್ಟು ಹೇಳಿ, ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು.

‘ಯಾವಾಗಿಂದ?’ ಎಂದೆ.

‘ಗೌರಿಹಬ್ಬದಿಂದ್ಲೂ ಏನೂ ಕಾಣಕ್ಕಿಲ್ಲ. ಲೋಟವ ಕೈಗೇ ಮುಟ್ಟುಸ್ಬೇಕು. ಅವ್ರು ಯೋಳಕ್ಕಿಲ್ಲ, ನಾನು ಕೇಳಕ್ಕಿಲ್ಲ.’

‘ನನಗಾದ್ರೂ ಹೇಳಬಾರದಿತ್ತಾ ದೊಡ್ಡಮ್ಮ? ಅಷ್ಟು ದೂರದಿಂದ ಬಂದು ಬಂದು ಅವರಿಗೆ ತೋರಿಸ್ತಾ ಇದ್ದೆನಲ್ಲ!’

‘ಯೋಳಿದ್ರೆ ನೀನು ನಿಲ್ಸ್ಬುಡ್ತಿದ್ದೆ. ಯಾರಿಗೆ ಮಾಡ್ಲಿ ಅಂತಿದ್ದೆ. ನೀನು ಬಂದೋದ್ ಮ್ಯಾಲೆ ಒಂದ್ವಾರ ಅದ್ರದೇ ಮಾತು ಅವ್ರಿಗೆ. ಮೂತಿ ಹಿಂಗೆ, ಬಾಗ್ಲು ಅಂಗೆ. ಉಂಡ್ರೂ ಅದೇ, ಮಲಗಿದ್ರೂ ಅದೇ. ಕಣ್ಣೋದ್ ಮನ್ಷನ್ಗೆ ಇನ್ನೇನದೆ ಮಾತಾಡಕ್ಕೆ?’

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಯುಗಾದಿಯಿಂದ ನಾನು ಓಡಿದ್ದೇನು, ನಿದ್ದೆಗೆಟ್ಟದ್ದೇನು! ತಡವಾಗುತ್ತದೆ, ತಡವಾಗುತ್ತದೆ ಎಂದು ಒದ್ದಾಡಿದ್ದೆಲ್ಲ ಆಗಲೇ ತಡವಾಗಿ ಹೋದದ್ದಕ್ಕೆ. ದೊಡ್ಡಮ್ಮನಿಗೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ.

‘ಸಂಜೀಗೆ ಮಗಳ ಮಕ್ಳು ಬತ್ತವೆ. ಬಿಳಿ ಕಾರು, ಬಿಳಿ ಕಾರು ಅಂತ ಕೂಗ್ತವೆ. ಆಗ ಅವ್ರ ಮುಖ ನೋಡಕ್ಕಾಗ್ತದಾ? ಈಗ ಉಂಡು ಒರಗ್ತಾರೆ. ಅಷ್ಟ್ರಲ್ಲಿ ಬಳ್ದುಬುಡು.’

‘ಏನು ಬಳೀಲಿ? ಬಣ್ಣವೇ ಇಲ್ಲ.’

ದೊಡ್ಡಮ್ಮ ಒಳಗೆ ಹೋದರು. ದೇವರ ಗೂಡಿನಿಂದ ಏನೋ ತಂದು ನನ್ನ ಕೈಗಿಟ್ಟು ಮುಷ್ಟಿ ಮುಚ್ಚಿದರು. ತಿರುಗಿಸುವ ಮುಚ್ಚಳದ ಹಳೆಯ ಮರದ ಭರಣಿ. ‘ಬಸ್‌ಸ್ಟ್ಯಾಂಡ್ ಪಕ್ಕದ ಅಂಗ್ಡಿಯವ್ನು ಬಾಗ್ಲು ತಗ್ದಿರ್ತಾನೆ. ತಗಂಡೋಗು. ಇದ್ನ ತೋರ್ಸು. ಇದೇ ಬಣ್ಣ ಬೇಕು ಅನ್ನು.’

ನಾನು ಆ ಭರಣಿಯನ್ನೂ ಆಕೆಯ ಮುಖವನ್ನೂ ನೋಡಿದೆ. ‘ಏನ್ ನೋಡ್ತೀಯ, ಓಗು!’ ಎಂದು ಗದರಿಸಿದರು.

ಓಡಿದೆ. ಅಂಗಡಿಯವನು ಬಾಗಿಲು ಅರ್ಧ ಎತ್ತಿ ನಿನ್ನೆಯ ಹೂ ಗುಡಿಸುತ್ತಿದ್ದ. ಅವನ ಹತ್ತಿರ ಇದ್ದದ್ದು ಗೇಟಿಗೆ ಬಳಿಯುವ ಎಣ್ಣೆಬಣ್ಣ. ಭರಣಿ ತೆಗೆದು ತೋರಿಸಿದೆ. ಎರಡು ಡಬ್ಬಿ ತೆಗೆದು, ಕಡ್ಡಿಯಲ್ಲಿ ಕಲಸಿ, ಕುಂಕುಮದ ಪಕ್ಕ ಹಿಡಿದು, ಇನ್ನಷ್ಟು ಕಲಸಿದ. ‘ಎಷ್ಟ್ ದೊಡ್ ಗೇಟಮ್ಮ?’ ಎಂದು ಕೇಳಿದ. ದುಡ್ಡು ಎಣಿಸಿ ಕೊಟ್ಟು, ಬಣ್ಣದ ಡಬ್ಬಿ, ಬ್ರಷ್ಷು ಎತ್ತಿಕೊಂಡು ಬಂದೆ.

ದೊಡ್ಡಪ್ಪ ಕಾರನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದರು. ದೊಡ್ಡಮ್ಮ ಮೆಲ್ಲಗೆ ಎತ್ತಿಕೊಂಡು ಬಂದರು. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಬಾಗಿಲಿನ ಬಿಳಿ ವೃತ್ತದ ಜಾಗ ಉಳಿಯಲೆಂದು ನನ್ನ ಬ್ಯಾಗಿನಲ್ಲಿದ್ದ ಕೋಟಿನ ಗುಂಡಿಯನ್ನು ಒತ್ತಿ ಹಿಡಿಯಿರಿ ಎಂದೆ. ದೊಡ್ಡಮ್ಮ ಒತ್ತಿ ಹಿಡಿದರು. ನಾನು ಸುತ್ತ ಬಳಿದೆ. ಎಣ್ಣೆಬಣ್ಣ ದಪ್ಪ. ಗೆರೆಗಳೆಲ್ಲ ಮುಚ್ಚಿಹೋದವು. ಮುಚ್ಚಿಹೋಗಲಿ ಎಂದುಕೊಂಡೆ. ಅಷ್ಟು ಹೊತ್ತು ನಾನು ಒಂದು ಸಲವೂ ಮೇಲೇಳಲಿಲ್ಲ.

ಬಣ್ಣ ಆರುವುದಕ್ಕೂ ಬಿಡದೆ ಬಾಗಿಲಲ್ಲಿ ಆಟೋ ನಿಂತ ಸದ್ದು. ಮಕ್ಕಳು ಒಳಗೆ ನುಗ್ಗಿದವು. ಪಡಸಾಲೆಯಿಂದ ದೊಡ್ಡಪ್ಪನ ಕೂಗು, ‘ಕಾರೆಲ್ಲಿ? ದಿಂಬಿನತ್ರ ಇಟ್ಟಿದ್ದೆನಲ್ಲ!’ ಬೇರೆ ದಾರಿ ಇರಲಿಲ್ಲ. ದೊಡ್ಡಮ್ಮ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗಿ ಅವರ ಮುಂದಿಟ್ಟರು.

‘ಕೆಂಪು ಕಾರು! ಅಜ್ಜೀ, ಕೆಂಪು ಕಾರು!’ ಮಕ್ಕಳು ಕುಣಿದವು. ದೊಡ್ಡಪ್ಪ ನಗುತ್ತಾ ಕೈಚಾಚಿ ಎತ್ತಿಕೊಂಡೇಬಿಟ್ಟರು. ಐದೂ ಬೆರಳಿಗೆ ಬಣ್ಣ ಹತ್ತಿತು. ಹೆಬ್ಬೆರಳು ಚಾವಣಿಯ ಮೇಲೆ ಜಾರಿ, ನಿಂತುಹೋಯಿತು.

ದೊಡ್ಡಮ್ಮ ತಟ್ಟನೆ ಅವರ ಕೈ ಹಿಡಿದು ಸೆರಗಿನಿಂದ ಒರೆಸತೊಡಗಿದರು.

‘ಏನೇ ಅದು ಅಂಟು ಅಂಟು?’ ಎಂದರು ದೊಡ್ಡಪ್ಪ.

‘ಕುಂಕುಮ ಕಣಿ. ಪೂಜೆ ಮಾಡಿದ್ರಲ್ಲ, ಅದು.’

ದೊಡ್ಡಪ್ಪ ಕೈ ಬಿಡಿಸಿಕೊಂಡು ಬೆರಳನ್ನು ಮೂಗಿನ ಹತ್ತಿರ ತಂದರು. ಎಣ್ಣೆಬಣ್ಣದ ವಾಸನೆ ಗೊತ್ತಿಲ್ಲದ ಮನುಷ್ಯರಲ್ಲ ಅವರು. ಆ ಕಾರಿಗೆ ತಮ್ಮ ಕೈಯಾರೆ ಬಳಿದವರು. ಮಕ್ಕಳ ಗಲಾಟೆಯ ನಡುವೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ಉಜ್ಜಿ ನೋಡಿದರು.

‘ಊ, ಕುಂಕುಮವೇ ಕಣೆ,’ ಎಂದರು ಆಮೇಲೆ. ಒರೆಸಲೆಂದು ಕೈಯನ್ನು ಮತ್ತೆ ದೊಡ್ಡಮ್ಮನ ಸೆರಗಿಗೇ ಕೊಟ್ಟರು.